ಹಸುವಿನ ಪಾಲಾದ ಹಿತಕಿದ ಬೇಳೆ

ಕೆಲಸದ ಹೊತ್ತಿನಲ್ಲಿ ಯಾರೂ ಫೋನ್ ಮುಟ್ಟಕೂಡದು ಎಂದು ನಮ್ಮ ಮನೆಯಲ್ಲಿ ಕಾನೂನು ಮಾಡಿದವನು ನಾನೇ. ಮುರಿದವನೂ ನಾನೇ. ಈ ವಯಸ್ಸಿನಲ್ಲಿ ಮುಚ್ಚಿಟ್ಟು ಏನು ಮಾಡಲಿ, ಹೇಳಿಬಿಡುತ್ತೇನೆ.

ಕಳೆದ ಅವರೆಕಾಯಿ ಕಾಲದಲ್ಲಿ ಮಗಳ ಅತ್ತೆ ಮಾವ ಧಾರವಾಡದಿಂದ ಅಬ್ಬಿಗೆರೆಯ ನಮ್ಮ ಮನೆಗೆ ಮೊದಲ ಸಲ ಊಟಕ್ಕೆ ಬರುವವರಿದ್ದರು. ಅವರಿಗೆ ಹಿತಕಿದ ಬೇಳೆ ಸಾರು ಉಣಿಸಲೇಬೇಕೆಂದು ನನ್ನ ಹೆಂಡತಿಗೆ ಹಟ. "ನಮ್ ಕಡೆ ಅಡುಗೆ ಏನೂಂತ ಅವ್ರಿಗೂ ಗೊತ್ತಾಗ್ಲಿ" ಎನ್ನುತ್ತಾ ನೆನೆಸಿದ ಅವರೆಕಾಳನ್ನು ನನ್ನ ಮುಂದಿಟ್ಟಳು. ಕಾಳು ಹಿತುಕಿ ಬೇಳೆಯನ್ನು ಪಾತ್ರೆಗೆ, ಸಿಪ್ಪೆಯನ್ನು ಬಕೆಟ್ಟಿಗೆ ಹಾಕುವುದಷ್ಟೇ ನನ್ನ ಕೆಲಸ.

ಬಿಸಿಲು ಕಾಯುವ ನೆಪದಲ್ಲಿ ಹಿತ್ತಿಲಿಗೆ ಹೋದೆ. ಬಕೆಟ್ಟಿಗೆ ಫೋನ್ ಒರಗಿಸಿದೆ. ವಿಡಿಯೊದಲ್ಲಿ ಗುಜರಿ ಸೇರಿದ್ದ ಸ್ಕೂಟರೊಂದನ್ನು ಯಾರೋ ಒಬ್ಬ ಉಜ್ಜಿ ಉಜ್ಜಿ ಹೊಸದು ಮಾಡುತ್ತಿದ್ದ. ಪರದೆಯ ಮೇಲೆ ಬಿಸಿಲು ಬಿತ್ತೆಂದು ಬಕೆಟ್ಟನ್ನು ಈ ಕಡೆಗೂ ಪಾತ್ರೆಯನ್ನು ಆ ಕಡೆಗೂ ಸರಿಸಿದೆ. ನನ್ನ ಕೈಗಳು ಅದನ್ನು ಲೆಕ್ಕಕ್ಕಿಡಲಿಲ್ಲ. ಹಳೆಯ ಜಾಗಗಳಿಗೇ ಎಸೆಯುತ್ತಾ ಹೋದವು. ಪಕ್ಕದ ಮನೆಯಾಕೆ ಎಂದಿನಂತೆ ತನ್ನ ಹಸುವಿಗೆ ಸಿಪ್ಪೆ ಒಯ್ಯಲು ಬಂದಾಗ, ಫೋನನ್ನು ಕೈಗೆತ್ತಿಕೊಂಡು ಬಕೆಟ್ಟು ಕೊಟ್ಟು ಕಳಿಸಿದವನೂ ನಾನೇ. ಸ್ಕೂಟರಿನ ದೀಪ ಹತ್ತುವುದಿತ್ತು, ನೋಡಿ.

"ಏನ್ರೀ ಇದು? ಅಡೀಲಿ ಎರಡು ಹಿಡಿ ಬೇಳೆ, ಮೇಲೆಲ್ಲಾ ಬರೀ ಸಿಪ್ಪೆ!" ಪಾತ್ರೆ ನೋಡಿ ಹೆಂಡತಿ ಕೂಗಿದಳು. ನಾನು ಬೇಲಿಯಾಚೆ ನೋಡಿದೆ. ಹಸು ಮೂತಿ ಎತ್ತದೆ ತಿನ್ನುತ್ತಿತ್ತು. ಅವಳೂ ನೋಡಿದಳು. "ಅದು ತಿಂತಿರೋದು ಬೇಳೆಯಲ್ಲ ಕಣ್ರೀ, ನನ್ ಮಾನ."

ಮತ್ತೆ ಕಾಳು ನೆನೆಸಲು ಹೊತ್ತಿರಲಿಲ್ಲ. ಉಳಿದ ಎರಡು ಹಿಡಿಯಲ್ಲೇ ಸಾರು ಮಾಡಿದಳು. ಊಟಕ್ಕೆ ಕೂತಾಗ ಬೀಗಿತ್ತಿ ಸಾರಿನಲ್ಲಿ ಬೇಳೆಗಾಗಿ ಬೆರಳಾಡಿಸಿದರು.

"ಈ ಸಲ ಕಾಯಿ ಸರಿ ಬಂದಿಲ್ಲ, ಎಲ್ಲಾ ಜೊಳ್ಳು" ಎಂದಳು ಹೆಂಡತಿ, ತಲೆ ಎತ್ತದೆ.

"ಮಾರಿದಾಂವ ಮೋಸ ಮಾಡ್ಯಾನ ಬಿಡ್ರಿ" ಎಂದರು ಬೀಗರು.

ನಾನು ತುತ್ತನ್ನು ತಟ್ಟೆಗಿಟ್ಟೆ. ಮಾರಿದವನದೇನೂ ತಪ್ಪಿಲ್ಲ, ಅಡುಗೆ ಮಾಡಿದವಳದೂ ಇಲ್ಲ ಎಂದು ಸ್ಕೂಟರಿನಿಂದ ಹಿಡಿದು ಎಲ್ಲವನ್ನೂ ಒದರಿಬಿಟ್ಟೆ.

ಬೀಗರು ಬಿಕ್ಕಳಿಕೆ ಬರುವಷ್ಟು ನಕ್ಕರು. "ಹಂಗಾರ ಬೀಗರೂಟ ನಮಗಿಂತ ಮೊದಲ ಆಕಳ ಉಂಡು ಹೋತು!"

ಬೀಗಿತ್ತಿ ಮಾತ್ರ ಬಟ್ಟಲು ಮುಂದೆ ಚಾಚಿದರು. "ಬ್ಯಾಳಿ ಇರದಿದ್ರ ಏನಾತ್ರಿ? ಇಂಥಾ ರುಚಿ ನಾ ಉಂಡಿದ್ದಿಲ್ಲ. ಇನ್ನೊಂದ್ ಸೌಟು ಹಾಕ್ರಿ."

ಹೆಂಡತಿಯ ಮುಖ ಅರಳಿತು. ಆ ನಗು ಪೂರಾ ಬೀಗಿತ್ತಿಗೇ ಸೇರಿದ್ದು. ನನ್ನ ಪಾಲಿನ ನಗುವಿಗೆ ಮರುದಿನದ ಕಾಫಿಯವರೆಗೂ ಕಾಯಬೇಕಾಯಿತು.