ಶಹನಾಯಿಗೊಂದು ಗುಂಡಿ

ಶಹನಾಯಿ ಬರಬೇಕಾದ ಜಾಗದಲ್ಲಿ ಗಂಟೆ ಕೇಳಿಸಿತು. ದೇವಸ್ಥಾನದ ಗಂಟೆಯೂ ಅಲ್ಲ; ಐಸ್‌ಕ್ಯಾಂಡಿ ಗಾಡಿಯವನು ಬೀದಿ ತಿರುವಿನಲ್ಲಿ ಅಲ್ಲಾಡಿಸುತ್ತಾನಲ್ಲ, ಅಂಥ ಕಿಣಿಕಿಣಿ ಗಂಟೆ. ಅಕಾರ್ಡಿಯನ್ನಿನ ತಿದಿಯನ್ನು ಅರ್ಧ ಎಳೆದಿದ್ದ ನಾನು ಹಾಗೇ ನಿಂತುಬಿಟ್ಟೆ. ಸ್ಪೀಕರಿನ ಪಕ್ಕ ದನಿಗಳ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ನೆಲದ ಮೇಲೆ ಕೂತಿದ್ದ ನನ್ನ ಗಂಡ ಕನ್ನಡಕ ತೆಗೆದು ಒರೆಸಿಕೊಂಡರು. ಕೇಳಿದ್ದು ಕಿವಿಯಾದರೂ ಅವರಿಗೆ ಅನುಮಾನ ಬಂದದ್ದು ಕನ್ನಡಕದ ಮೇಲೆ.

"ಸರಿಯಾಗೇ ಹಾಕಿದೀನಿ ಕಣೇ," ಎಂದರು. "ನೂರಾ ಹನ್ನೆರಡು. ಈ ಪೆಟ್ಟಿಗೆಯಲ್ಲಿ ನೂರಾ ಹನ್ನೆರಡೇ ಶಹನಾಯಿ."

"ಹಾಗಾದ್ರೆ ಈ ಗಂಟೆ ಯಾರ ಮನೇದು?" ಎಂದು ಕೇಳಿದೆ.

ಅವರು ಸೂಚನೆಯ ಪುಸ್ತಕವನ್ನು ಮತ್ತೆ ತೆರೆದರು. ಮುಂದಿನ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಹಾಲಿನಲ್ಲಿ ಎದುರು ಮನೆಯವರ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರವಿತ್ತು. ಮಗುವಿಗೆ ಹೆಸರಿಡುವ ಹೊತ್ತಿಗೆ ಶಹನಾಯಿ ನುಡಿಸುತ್ತೇನೆಂದು ನಾನು ಎಲ್ಲರೆದುರು ಮಾತು ಕೊಟ್ಟುಬಿಟ್ಟಿದ್ದೆ.

ಅಕಾರ್ಡಿಯನ್ ನನ್ನ ಹೆಗಲೇರಿದ್ದು ಶಾಲೆಯಲ್ಲಿ. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿದ್ದರು. ನಾವಿದ್ದದ್ದು ಕಾರ್ಖಾನೆಯ ಕಾಲೊನಿಯಲ್ಲಿ. ಅಲ್ಲಿನ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ಅಕಾರ್ಡಿಯನ್ ಇರಲೇಬೇಕು. ಹುಡುಗಿಯರ ಸಾಲಿನಲ್ಲಿ ನಾನೇ ಎತ್ತರ ಎಂಬ ಒಂದೇ ಕಾರಣಕ್ಕೆ ಟೀಚರು ಅದನ್ನು ನನ್ನ ಕೊರಳಿಗೆ ಹಾಕಿದ್ದರು. ಅದರ ಹಿಂದೆ ನನ್ನ ತಲೆ ಮಾತ್ರ ಕಾಣುತ್ತಿತ್ತಂತೆ. ಆಮೇಲೆ ಕಾಲೇಜು, ಪೀಣ್ಯದ ಒಂದು ಕಂಪನಿಯ ಪರ್ಚೇಸ್ ವಿಭಾಗದಲ್ಲಿ ಕೆಲಸ, ಮದುವೆ, ಮನೆ. ಅಕಾರ್ಡಿಯನ್ ಇಲ್ಲದೆಯೂ ದಿನಗಳು ಚೆನ್ನಾಗಿಯೇ ಕಳೆದವು. ಬಸ್ಸಿನ ಸರಳು ಹಿಡಿದು ನಿಂತಾಗ ಬಲಗೈ ಬೆರಳುಗಳು ತಮ್ಮಷ್ಟಕ್ಕೆ ಆಡುತ್ತಿದ್ದವು, ಅಷ್ಟೇ.

ಅದನ್ನು ನನ್ನ ಗಂಡ ಗಮನಿಸಿದ್ದರೆಂದು ನನಗೆ ಗೊತ್ತಿರಲಿಲ್ಲ. ಅವರದು ಪೀಣ್ಯದಲ್ಲೇ, ಕಾರ್ಖಾನೆಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡಿಕೊಡುವ ಯೂನಿಟ್ಟಿನಲ್ಲಿ ವೈರಿಂಗ್ ಕೆಲಸ. ಒಂದು ಸಂಜೆ ದೊಡ್ಡ ಕಪ್ಪು ಚೀಲವೊಂದನ್ನು ಹೊತ್ತುಕೊಂಡು ಬಂದರು. ಚರ್ಚಿನ ಗಾನವೃಂದದಲ್ಲಿ ನುಡಿಸುತ್ತಿದ್ದ ಪರಿಚಯದವರೊಬ್ಬರು ಊರು ಬಿಡುವ ಮೊದಲು ಮಾರಿದ ಡಿಜಿಟಲ್ ಅಕಾರ್ಡಿಯನ್ ಅದು. ನೋಡಲು ಹಳೆಯದರಂತೆಯೇ. ಬಲಗಡೆ ಹಾರ್ಮೋನಿಯಮ್ಮಿನಂಥ ಕಪ್ಪುಬಿಳಿ ಮನೆಗಳು, ನಡುವೆ ತಿದಿ, ಎಡಗಡೆ ಸಾಲುಸಾಲು ಸಣ್ಣ ಗುಂಡಿ ಎಲ್ಲ ಇತ್ತು. ಆದರೆ ಒಳಗೆ ಗಾಳಿಗೆ ಅದುರುವ ಪೀಪಿಗಳಿರಲಿಲ್ಲ. ತಿದಿಯನ್ನು ಎಷ್ಟು ಜೋರಾಗಿ ಎಳೆಯುತ್ತೀರೆಂದು ಅಳೆದು ಅದಕ್ಕೆ ತಕ್ಕ ದನಿ ಕೊಡುವ ಎಲೆಕ್ಟ್ರಾನಿಕ್ಸ್ ಇತ್ತು. ಅದರೊಳಗಿದ್ದ ದನಿಗಳೆಲ್ಲ ಇಟಲಿ, ಫ್ರಾನ್ಸ್, ಜರ್ಮನಿಯವು. ನಮ್ಮ ಕಡೆಯದು ಒಂದೂ ಇರಲಿಲ್ಲ. ನಾನಂತೂ ಅವತ್ತು ಊಟದ ನೆನಪಿಲ್ಲದೆ ನುಡಿಸಿದೆ.

ನಮ್ಮ ಅಪಾರ್ಟ್‌ಮೆಂಟಿನ ಹೆಂಗಸರು ಶನಿವಾರ ಸಂಜೆ ಮೂರನೇ ಮಹಡಿಯಲ್ಲಿ ಸೇರಿ ವಚನ ಹಾಡುತ್ತಾರೆ. ಹಾಡಿಸುವವರು ಗದಗಿನ ಕಡೆ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾಗಿ ಮಗಳ ಮನೆಗೆ ಬಂದವರು. ಅವರ ಊರಿನಲ್ಲಿ ಟೀಚರಿಗೆ ಅಕ್ಕೋರು ಅನ್ನುತ್ತಾರಂತೆ. ನಮಗೂ ಅವರು ಅಕ್ಕೋರೇ ಆದರು. ಬೆರಳಿನ ಗಂಟು ನೋವೆಂದು ಅವರು ಹಾರ್ಮೋನಿಯಂ ಬಿಟ್ಟಿದ್ದರು. ನಾನು ಅಕಾರ್ಡಿಯನ್ ಹೊತ್ತು ಹೋದ ಮೊದಲ ದಿನ ಅದನ್ನು ಮೇಲಿಂದ ಕೆಳಕ್ಕೆ ನೋಡಿ, ಹಾರ್ಮೋನಿಯಂ ಎದ್ದು ನಿಂತಂಗ ಐತಿ ಎಂದಿದ್ದರು. ಮೆಚ್ಚಿದರೋ ಇಲ್ಲವೋ ತಿಳಿಯಲಿಲ್ಲ.

ತೊಟ್ಟಿಲ ಶಾಸ್ತ್ರಕ್ಕೆ ಹಾಡಲು ಕರೆ ಬಂದಾಗ ಕಾರ್ಯಕ್ರಮದ ರೂಪ ಹೇಳಿದವರು ಅವರೇ. ಮೊದಲು ವಚನಕ್ಕೆ ಹಾರ್ಮೋನಿಯಮ್ಮಿನ ದನಿ, ಜೋಗುಳಕ್ಕೆ ಕೊಳಲು, ಹೆಸರಿಡುವಾಗ ಶಹನಾಯಿ. ನಡುವೆ ಎಲ್ಲಿಯೂ ನಿಲ್ಲಬಾರದು. ಇಷ್ಟೆಲ್ಲ ಒಂದೇ ಪೆಟ್ಟಿಗೆಯಿಂದ ಆಗುತ್ತದೆಯೇ ಎಂದು ಅವರು ಕೇಳಿದ ರೀತಿಯಲ್ಲಿ, ಆಗುವುದಿಲ್ಲ ಎಂಬ ಉತ್ತರವೂ ಸೇರಿಕೊಂಡಿತ್ತು. ಅದಕ್ಕೇ ನಾನು ಆಗುತ್ತದೆ ಎಂದುಬಿಟ್ಟೆ. ಮಿಡಿ ಎಂಬ ವ್ಯವಸ್ಥೆ ಇದೆ, ಅದರಲ್ಲಿ ಹೊರಗಿನ ದನಿ ತರಿಸಬಹುದು ಎಂದು ವಿವರಿಸಲು ಹೋದೆ.

"ಮಿಡಿ ಅಂದ್ರ ಉಪ್ಪಿನಕಾಯಿ ಹಾಕೂದಲ್ಲೇನವಾ?" ಎಂದರು ಅಕ್ಕೋರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಸ್ವಲ್ಪ ಭಯವಾಯಿತು.

ಉಪಾಯ ಕೇಳಲು ಸರಳವಾಗಿತ್ತು. ಗಂಡ ಎಲ್ಲಿಂದಲೋ ಒಂದು ಹಳೆಯ ಸೌಂಡ್ ಮಾಡ್ಯೂಲ್ ಹುಡುಕಿ ತಂದರು. ಟಿಫಿನ್ ಡಬ್ಬಿಯಷ್ಟಿದ್ದ ಆ ಪೆಟ್ಟಿಗೆಯಲ್ಲಿ ನೂರಕ್ಕೂ ಹೆಚ್ಚು ವಾದ್ಯಗಳ ದನಿ ಇತ್ತು, ಒಂದೊಂದಕ್ಕೆ ಒಂದೊಂದು ನಂಬರ್. ಅಕಾರ್ಡಿಯನ್ನಿನಿಂದ ಅದಕ್ಕೆ ಒಂದು ಕೇಬಲ್. ಬಲಗೈ ಮನೆಗಳ ಮೇಲ್ಗಡೆ ದನಿ ಬದಲಿಸುವ ಗುಂಡಿಗಳ ಸಾಲೊಂದಿದೆ. ಅದರಲ್ಲಿ ಒಂದನ್ನು ಒತ್ತಿದರೆ, ಇಂಥ ನಂಬರಿನ ದನಿ ತೆಗೆ ಎಂಬ ಅಪ್ಪಣೆ ಕೇಬಲ್ಲಿನಲ್ಲಿ ಹೋಗುತ್ತದೆ. ಅದಕ್ಕೆ ಪ್ರೋಗ್ರಾಂ ಚೇಂಜ್ ಎನ್ನುತ್ತಾರೆ. ಯಾವ ಗುಂಡಿಗೆ ಯಾವ ನಂಬರ್ ಎಂದು ಒಮ್ಮೆ ಹೇಳಿಕೊಟ್ಟರೆ ಸಾಕು. ನಾವು ಹೇಳಿಕೊಟ್ಟೆವು. ಶಹನಾಯಿಗೆ ಗಂಟೆ ಬಂತು.

ಗಂಡ ಕೇಬಲ್ಲನ್ನು ಅನುಮಾನಿಸಿದರು. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಗೆ ಹೋಗಿ ಹೊಸದು ತಂದರು. ಗಂಟೆ ಇನ್ನೂ ಸ್ವಚ್ಛವಾಗಿ ಕೇಳಿಸಿತು. ಅವರು ಪುಸ್ತಕ ಓದುವವರು, ನಾನು ಗುಂಡಿ ಒತ್ತುವವಳು, ಮದುವೆಯಾದಾಗಿನಿಂದಲೂ ಹೀಗೇ. ಮಿಕ್ಸಿ ತಂದಾಗಲೂ ಅವರು ಸೂಚನೆಯ ಕೊನೆಯ ಪುಟ ತಲುಪುವಷ್ಟರಲ್ಲಿ ನಾನು ಚಟ್ನಿ ಮುಗಿಸಿದ್ದೆ.

ಅವರು ಕೆಲಸಕ್ಕೆ ಹೋಗಿದ್ದ, ನನಗೆ ರಜೆಯಿದ್ದ ಒಂದು ಮಧ್ಯಾಹ್ನ ಒಬ್ಬಳೇ ಕೂತು ಮೂರೂ ದನಿಗಳನ್ನು ಸಾವಧಾನವಾಗಿ ಕೇಳಿದೆ. ಕೊಳಲು ಕೊಳಲಿನ ಹಾಗೇ ಇತ್ತು, ಆದರೆ ಶಾಲಾ ಮಕ್ಕಳು ಊದುವ ಪ್ಲಾಸ್ಟಿಕ್ ಕೊಳಲು. ಹಾರ್ಮೋನಿಯಂ ಎಂದು ಹಾಕಿದ್ದು ಅಕಾರ್ಡಿಯನ್ನಿನಂತೆಯೇ ಕೇಳುತ್ತಿತ್ತು. ಪೆಟ್ಟಿಗೆ ಅಗ್ಗದ್ದು, ಇಷ್ಟೇ ಇರಬಹುದು ಎಂದು ಅಲ್ಲಿಯವರೆಗೆ ಸುಮ್ಮನಿದ್ದೆ. ಸುಮ್ಮನೆ ಪೆಟ್ಟಿಗೆಯ ತಿರುಗಣಿಯನ್ನು ಒಂದು ಹೆಜ್ಜೆ ಹಿಂದಕ್ಕೆ ತಿರುಗಿಸಿದೆ. ನಿಜವಾದ ಹಾರ್ಮೋನಿಯಮ್ಮಿನ ದನಿ ಬಂತು. ಕೊಳಲಿಗೂ ಒಂದು ಹೆಜ್ಜೆ ಹಿಂದೆ ಹೋದೆ. ಬಿದಿರಿನ ಉಸಿರು ಕೇಳಿಸಿತು. ಗಂಟೆಯಿಂದ ಒಂದು ಹಿಂದೆ ಹೋದರೆ, ಅಗೋ, ಮದುವೆ ಮನೆ ಬಾಗಿಲಿನ ಶಹನಾಯಿ. ಖುಷಿಯಲ್ಲಿ ಗಂಡನ ಯೂನಿಟ್ಟಿಗೆ ಫೋನ್ ಮಾಡಿ ಸ್ಪೀಕರಿನ ಮುಂದೆ ಹಿಡಿದೆ. ಯಾರ ಮದುವೆ ಎಂದು ಅಲ್ಲಿ ಯಾರೋ ಕೇಳಿದ್ದು ನನಗೂ ಕೇಳಿಸಿತು.

ಸಂಜೆ ಬಂದವರೇ ಅವರು ಕಾರಣ ಬಿಡಿಸಿ ಹೇಳಿದರು. ಪೆಟ್ಟಿಗೆ ಒಂದರಿಂದ ಎಣಿಸುತ್ತದೆ, ಅಕಾರ್ಡಿಯನ್ ಸೊನ್ನೆಯಿಂದ; ಅದರ ನೂರಾ ಹನ್ನೆರಡು ಪೆಟ್ಟಿಗೆಗೆ ನೂರಾ ಹದಿಮೂರು, ಅಂದರೆ ಗಂಟೆ. ನಮ್ಮ ಲಿಫ್ಟಿನಲ್ಲಿ ನೆಲಮಹಡಿಗೆ ಸೊನ್ನೆ ಬರೆದಿರುವುದರಿಂದ ಹೊಸಬರು ಒಂದು ಒತ್ತಿ ಮೇಲಿನ ಮನೆಯ ಗಂಟೆ ಬಾರಿಸುತ್ತಾರಲ್ಲ, ಹಾಗೆ. ನಾವು ಎಲ್ಲ ನಂಬರುಗಳಲ್ಲೂ ಒಂದು ಕಳೆದೆವು. ಶಹನಾಯಿಗೆ ನೂರಾ ಹನ್ನೊಂದು ಎಂದು ಅಕಾರ್ಡಿಯನ್ನಿಗೆ ಹೇಳಿದೆವು. ಎಲ್ಲ ಸರಿಯಾಯಿತು ಎಂದುಕೊಂಡು ನಾನು ಎರಡೂ ಕೈ ಸೇರಿಸಿ ನುಡಿಸಿದೆ.

ಎಡಗೈಯಲ್ಲೂ ಶಹನಾಯಿಯೇ ಬಂತು. ಗಂಭೀರವಾಗಿ ಕೆಳಗೆ ನಿಲ್ಲಬೇಕಾದ ಸ್ವರಗಳೆಲ್ಲ ಗುಂಪುಗುಂಪಾಗಿ ಪೇ ಪೇ ಎಂದು ಕೂಗಿದವು. ಪಕ್ಕದ ಮನೆಯವರು ಬಾಲ್ಕನಿಗೆ ಬಂದು ನೋಡಿದರು.

ಇದು ಗಂಡನ ಕ್ಷೇತ್ರ. ಹಿಂದಿನ ಮಾಲೀಕರು ಎಡಗೈ ಬಲಗೈ ಎರಡನ್ನೂ ಒಂದೇ ಚಾನೆಲ್ಲಿಗೆ ಹಾಕಿಟ್ಟಿದ್ದರೆಂದು ಅವರು ಅದೇ ಸಂಜೆ ಪತ್ತೆ ಹಚ್ಚಿದರು. ಪ್ಯಾನೆಲ್ಲಿನಲ್ಲಿ ಕೆಂಪು, ಹಳದಿ, ನೀಲಿ ವೈರು ಬೇರೆ ಬೇರೆ ಇರುವ ಹಾಗೆ ಬಲಗೈಗೆ ಒಂದು, ಎಡಗೈಯ ಸ್ವರಗುಂಪಿಗೆ ಒಂದು, ತಳದ ಸ್ವರಕ್ಕೆ ಒಂದು ಚಾನೆಲ್ ಕೊಟ್ಟರು. ಬಲಗೈಯ ಅಪ್ಪಣೆ ಇನ್ನು ಬಲಗೈಗಷ್ಟೇ. ಅಷ್ಟು ಮಾಡಿ ಮುಗಿಸಿ, ಕೈ ತೊಳೆದುಕೊಂಡು ಬಂದು, ಈಗ ನುಡಿಸು ಎಂದು ಕಾಲು ಚಾಚಿ ಕೂತರು. ಅವರು ಕಣ್ಣು ಮುಚ್ಚಿ ಕೇಳಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಉಳಿದದ್ದು ಒಂದೇ ತೊಡಕು. ಅಕಾರ್ಡಿಯನ್ ಎದೆಯ ಮೇಲಿದ್ದಾಗ ಗುಂಡಿಗಳ ಸಾಲು ಕೇಳುಗರ ಕಡೆ ಮುಖ ಮಾಡಿರುತ್ತದೆ, ನುಡಿಸುವವರಿಗೆ ಕಾಣುವುದಿಲ್ಲ. ಬೇಕಾದ ಮೂರು ಗುಂಡಿಗಳ ಮೇಲೆ ನನ್ನ ಹರಳಿನ ಬಿಂದಿಗಳನ್ನು ಅಂಟಿಸಿದೆ. ಹಾರ್ಮೋನಿಯಮ್ಮಿಗೆ ಒಂದೇ ಹರಳಿನದು, ಕೊಳಲಿಗೆ ಉದ್ದದ್ದು, ಶಹನಾಯಿಗೆ ದೊಡ್ಡ ದುಂಡನೆಯದು. ಬೆರಳಿಗೆ ತಾಕಿದರೆ ಸಾಕು, ಯಾವುದೆಂದು ಗೊತ್ತಾಗುತ್ತಿತ್ತು.

ಭಾನುವಾರ ಕೆಳಗಿನ ಹಾಲ್ ಜನರಿಂದ ತುಂಬಿತ್ತು. ಹುಬ್ಬಳ್ಳಿಯಿಂದ, ದಾವಣಗೆರೆಯಿಂದ ನೆಂಟರು ಬಂದಿದ್ದರು. ತೊಟ್ಟಿಲಿಗೆ ಸೇವಂತಿಗೆ ಸುತ್ತಿದ್ದರು. ಅಕ್ಕೋರು ವಚನ ಎತ್ತಿಕೊಂಡರು, ನಾನು ಹಾರ್ಮೋನಿಯಮ್ಮಿನ ದನಿ ಹಿಡಿದೆ. ಅವರು ಒಮ್ಮೆ ನನ್ನ ಕಡೆ ತಿರುಗಿ ನೋಡಿ ಮುಂದೆ ಹಾಡಿದರು. ಜೋಗುಳಕ್ಕೆ ಬಂದಾಗ ಉದ್ದದ ಬಿಂದಿ ಒತ್ತಿದೆ. ಕೊಳಲು ಬಂದದ್ದೇ ತಡ, ಹಿಂದಿನ ಸಾಲಿನ ಮಾತು ನಿಂತಿತು. ನನ್ನ ಮೈ ಹಗುರಾಯಿತು. ಹೆಗಲ ಮೇಲಿನ ಭಾರವೂ ಮರೆತುಹೋಯಿತು.

ಸೋದರತ್ತೆ ತೊಟ್ಟಿಲಿನ ಮೇಲೆ ಬಗ್ಗಿ ಮಗುವಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಲು ಸಿದ್ಧಳಾದಳು. ಸುತ್ತ ನಿಂತ ಹೆಂಗಸರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಲು ಮುಷ್ಟಿ ಎತ್ತಿದರು. ನಾನು ದುಂಡನೆಯ ಬಿಂದಿ ಒತ್ತಿ ಶಹನಾಯಿಯ ಒಂದು ಸಾಲು ನುಡಿಸಿದ್ದೆನಷ್ಟೆ, ಕರೆಂಟು ಹೋಯಿತು.

ಜನರೇಟರು ಕೂಡಲೇ ಬಂತು. ನಾನು ಮುಂದುವರಿಸಿದೆ. ಸ್ಪೀಕರಿನಿಂದ ಪಿಯಾನೋ ಹೊರಟಿತು, ದೊಡ್ಡ ಹೋಟೆಲಿನ ಬಾಗಿಲಲ್ಲಿ ಕೇಳುವಂಥದು. ಅಕಾರ್ಡಿಯನ್ ಬ್ಯಾಟರಿಯಲ್ಲಿ ನಡೆಯುತ್ತಿದ್ದರಿಂದ ಅದಕ್ಕೆ ಏನೂ ಆಗಿರಲಿಲ್ಲ. ಪೆಟ್ಟಿಗೆ ಮಾತ್ರ ಆರಿ ಹೊತ್ತಿಕೊಂಡಾಗ ನಾವು ಹೇಳಿಕೊಟ್ಟದ್ದನ್ನೆಲ್ಲ ಮರೆತು ತನ್ನ ಮೊದಲನೇ ನಂಬರಿಗೆ ಹೋಗಿ ಕೂತಿತ್ತು. ದುಂಡನೆಯ ಬಿಂದಿಯನ್ನು ಮತ್ತೆ ಒತ್ತಿದೆ. ಪಿಯಾನೋ ನಿಲ್ಲಲಿಲ್ಲ. ಒತ್ತಿರುವ ಗುಂಡಿಯನ್ನೇ ಒತ್ತಿದರೆ ನಮ್ಮ ಅಕಾರ್ಡಿಯನ್ ಹೊಸ ಅಪ್ಪಣೆ ಕಳಿಸುವುದಿಲ್ಲ. ಸ್ಪೀಕರಿನ ಪಕ್ಕದಿಂದ ಗಂಡ ಎರಡು ಬೆರಳನ್ನು ಆ ಕಡೆ ಈ ಕಡೆ ಆಡಿಸಿ ತೋರಿಸುತ್ತಿದ್ದರು. ಬೇರೆಡೆಗೆ ಹೋಗಿ ಬಾ ಎನ್ನುತ್ತಿದ್ದಾರೆಂದು ಹೊಳೆಯಿತು. ಉದ್ದದ್ದನ್ನು ಒತ್ತಿದೆ, ಕೊಳಲಿನ ಒಂದು ಸ್ವರ ಬಂತು, ಕೂಡಲೇ ದುಂಡನೆಯದು. ಶಹನಾಯಿ ಎದ್ದಿತು. ಅದೇ ಗಳಿಗೆಗೆ ಅತ್ತೆ ಕುರ್ರ್ ಎಂದಳು, ಬೆನ್ನಿಗೆ ಗುದ್ದು ಬಿದ್ದವು, ಮಗು ಅಳತೊಡಗಿತು, ಹಾಲ್ ತುಂಬ ನಗು. ನಾನು ನುಡಿಸುತ್ತಲೇ ಇದ್ದೆ. ತೊಟ್ಟಿಲು ತೂಗುವವರೂ ನಿಲ್ಲಿಸಲಿಲ್ಲ.

ಊಟದ ಪಂಕ್ತಿಯಲ್ಲಿ ಅನೇಕರು ಬಂದು ಶಹನಾಯಿಯವರು ಎಲ್ಲಿ ಕೂತಿದ್ದರೆಂದು ಕೇಳಿದರು. ಪಿಯಾನೋವನ್ನು ಯಾರೂ ಗಮನಿಸಿಲ್ಲವೆಂದು ನಾನು ಹೋಳಿಗೆಗೆ ಕೈ ಹಾಕುವಷ್ಟರಲ್ಲಿ ಅಕ್ಕೋರು ಪಕ್ಕದಲ್ಲಿ ಬಂದು ಕೂತರು. ನಡುವೆ ಬೇರೇನೋ ಬಂತಲ್ಲ ಎಂದರು. ನಾನು ಕರೆಂಟಿನ ಕತೆ ಹೇಳಿದೆ. ಅವರು ತುಪ್ಪ ಹಾಕಿಸಿಕೊಂಡು ಹೋಳಿಗೆ ಮುರಿದರು.

"ಅದರಾಗ ಇನ್ನೂ ಏನೇನು ಅದಾವು?" ಎಂದು ಕೇಳಿದರು. "ನನಗೂ ಒಂದು ಗುಂಡಿ ಇಡವಾ."

ಮುಂದಿನ ಶನಿವಾರ ಮಧ್ಯಾಹ್ನವೇ ನಮ್ಮ ಮನೆಗೆ ಬಂದರು. ಗಂಡ ಪೆಟ್ಟಿಗೆಯ ಮುಂದೆ ಕೂತು ಒಂದೊಂದೇ ದನಿ ತೆಗೆದರು, ನಾನು ಅಕ್ಕೋರ ಶ್ರುತಿಯಲ್ಲಿ ಎರಡು ಸ್ವರ ಎಳೆದು ತೋರಿಸಿದೆ. ಪಿಟೀಲು ಬೇಡವೆಂದರು. ಸಿತಾರಿಗೆ ಮುಖ ಕಿವುಚಿದರು. ಪಿಯಾನೋ ಒಮ್ಮೆ ಮತ್ತೆ ಕೇಳಿ, ಇದು ಒಂದೀಟು ಸಾಕು ಎಂದರು. ಆಮೇಲೆ ತಗ್ಗಿನ ದನಿಯೊಂದು ಬಂತು, ಪಿಟೀಲಿನ ಅಜ್ಜನಂಥದು. ಅಕ್ಕೋರು ಕುರ್ಚಿಯಿಂದ ಮುಂದಕ್ಕೆ ಬಾಗಿದರು.

"ಇದು ಚಲೋ."

"ಹೌದು ಅಕ್ಕೋರೇ, ಚೆಲ್ಲೋ," ಎಂದರು ನನ್ನ ಗಂಡ.

"ಅದನ್ನೇ ನಾನೂ ಅಂದಿದ್ದು, ಚಲೋ ಐತಿ ಅಂತ."

ವಾದ್ಯದ ಹೆಸರೇ ಅದು ಎಂದು ತಿಳಿಸುವಷ್ಟರಲ್ಲಿ ಮೂವರಿಗೂ ನಗು ತಡೆಯಲಾಗದೆ ಹೋಯಿತು. ಗಂಡ ಆ ನಂಬರಿನಲ್ಲಿ ಒಂದು ಕಳೆದು ನಾಲ್ಕನೇ ಗುಂಡಿಗೆ ಹಾಕಿಕೊಟ್ಟರು. ಅಕ್ಕೋರು ಒಂದು ವಚನ ಎತ್ತಿಕೊಂಡರು. ಯಾವಾಗಲೂ ಮೇಲಿನ ಸ್ವರಕ್ಕೆ ಬೇಗ ಹತ್ತಿಬಿಡುವವರು ಅವತ್ತು ಕೆಳಗೇ ಓಡಾಡಿದರು, ಒಂದೊಂದು ಪದದ ಮೇಲೂ ನಿಂತು ನಿಂತು. ಅವರ ಗಂಟಲಿನಲ್ಲಿ ಅಂಥ ದನಿ ಇದೆಯೆಂದು ಇಷ್ಟು ಶನಿವಾರಗಳಲ್ಲಿ ನನಗೆ ಗೊತ್ತಾಗಿರಲಿಲ್ಲ. ನಾನು ತಿದಿಯನ್ನು ಆದಷ್ಟು ನಿಧಾನಕ್ಕೆ ಎಳೆದೆ.

ಮುಗಿದ ಮೇಲೆ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಕುರ್ಚಿಗೆ ಒರಗಿ ಕೂತರು.

"ಇನ್ನೊಮ್ಮೆ ನುಡಸು," ಎಂದರು. "ಈಗ ನಾ ಹಾಡೂದಿಲ್ಲ. ಸುಮ್ನ ಕೇಳ್ತೀನಿ."

ನಾನು ಮೊದಲಿನಿಂದ ನುಡಿಸಿದೆ.