ಫೆನಿ ಎಂಬ ಹೆಸರಿನ ತಕರಾರು

ಎರಡನೆಯ ಮಹಾಯುದ್ಧಕ್ಕೆ ಹಿಂದಿನ ವರ್ಷ ನಾನು ಹಳಿಯಾಳ ಸೀಮೆಯ ಒಂದು ಸರ್ಕಾರಿ ಕಚೇರಿಯಲ್ಲಿ ದುಭಾಷಿಯಾಗಿದ್ದೆ. ಒಬ್ಬರ ಕೊಂಕಣಿಯನ್ನು ಇನ್ನೊಬ್ಬರ ಇಂಗ್ಲಿಷಿಗೆ ತಿರುಗಿಸಿ ಹೇಳುವುದು ನನ್ನ ಕೆಲಸ. ಗಡಿಯಾಚೆ ಗೋವಾದಲ್ಲಿ ಪೋರ್ತುಗೀಸರ ಆಡಳಿತ, ಈಚೆ ಬ್ರಿಟಿಷರದು. ಗೇರುಹಣ್ಣಿನ ಸಾರಾಯಿಗೆ ಎರಡೂ ಕಡೆ ಫೆನಿ ಎಂದೇ ಹೆಸರು. ಆ ಹೆಸರು ಗೋವಾದ ಸರಕಿಗೆ ಮಾತ್ರ ಸಲ್ಲಬೇಕೆಂದು ಅಲ್ಲಿಯವರು ತಕರಾರು ತೆಗೆದರು. ತೀರ್ಮಾನವಾಗುವ ತನಕ ನಮ್ಮ ಕಡೆಯ ಫೆನಿ ಮಾರಕೂಡದು ಎಂದಾಯಿತು.

ಪೆಟ್ಟು ಬಿದ್ದದ್ದು ಜೋಯಿಡಾದ ಇನಾಸನಿಗೆ. ಲೈಸೆನ್ಸ್ ಪಡೆದು ಭಟ್ಟಿ ನಡೆಸುತ್ತಿದ್ದ ಅವನ ಪೀಪಾಯಿಗಳಿಗೆಲ್ಲ ಅರಗಿನ ಮುದ್ರೆ ಒತ್ತಿ ಬಂದೆವು. ಅವನ ವರ್ಷದ ದುಡಿಮೆ ಅದರೊಳಗಿತ್ತು.

ಎರಡೂ ಸರ್ಕಾರದವರು ಕೂತ ಮೊದಲ ಸಭೆ ಪೂರ್ತಿ ನಡಾವಳಿ ಯಾವ ಭಾಷೆಯಲ್ಲಿರಬೇಕು ಎಂಬ ಜಗಳಕ್ಕೇ ಹೋಯಿತು. ಎರಡನೆಯದರಲ್ಲಿ ನಮ್ಮ ಸಾಹೇಬರು, ‘ಗೋವಾ ಮಾದರಿಯ ಫೆನಿ’ ಎನ್ನಬಹುದೇ ಎಂದರು. ‘ಮಾದರಿ’ ಎಂಬ ಒಂದು ಪದದ ಚರ್ಚೆಯೇ ಊಟದ ಹೊತ್ತನ್ನು ಮೀರಿತು. ಎರಡೂ ಕಡೆಯ ಕೊಂಕನ್ನು ವಿನಯವಾಗಿ ತಿರುಗಿಸಿ ತಿರುಗಿಸಿ ನನಗೆ ಸಾಕುಸಾಕಾಗಿತ್ತು.

ಮೂರನೆಯ ಸಭೆಗೆ ಇನಾಸನ ಹೆಂಡತಿ ರೋಜಾಲಿನ್ ಬಂದಳು. ಹಳಿಯಾಳದ ಸಂತೆಗೆ ಓಡಾಡಿ ನಮ್ಮ ಕನ್ನಡ ಕಲಿತಿದ್ದಾಕೆ.

“ಆ ಹೆಸರು ಅವರೇ ಇಟ್ಕೊಳ್ಳಲಿ ಅಂತ ಸಾಹೇಬರಿಗೆ ಹೇಳ್ರಿ. ನಾವು ಬರೇ ಗೇರುಹಣ್ಣಿನ ಸರಾಯಿ ಅಂತ ಮಾರ್ತೇವಿ. ಪೀಪಾಯಿ ಬಿಟ್ಟುಕೊಡ್ರಿ.”

ತಕರಾರು ಮುಗಿಯಿತೆಂದು ಹಿಗ್ಗಿ ಸಾಹೇಬರಿಗೆ ತಿಳಿಸಿದೆ. ಧಾರವಾಡದವರಾದ ಅವರು ನನ್ನನ್ನು ಪಕ್ಕಕ್ಕೆ ಕರೆದರು. “ನಮ್ಮವರೇ ಹೆಸರು ಬಿಟ್ಟುಕೊಟ್ಟರ ನಮ್ಮ ವಾದ ಏನುಳೀತೈತಿ? ಮನೀಗೆ ಹೋಗಂತ ಹೇಳ್ರಿ ಆಕೀಗೆ.”

“ಆಕೀ ಹೊಟ್ಟೀ ಮಾತು ಐತ್ರಿ, ಸಾಹೇಬ್ರ.”

“ಇದು ಎರಡು ಸರ್ಕಾರದ ಮಾತು ಐತಿ.”

ಆಕೆಗೆ ಮತ್ತೆ ಹೇಳಬೇಕಾಗಿರಲಿಲ್ಲ, ಎಲ್ಲ ಕೇಳಿಸಿಕೊಂಡಿದ್ದಳು. “ಅಂದ್ರ ನಮ್ಮ ಸಲುವಾಗಿ ವಾದ ಮಾಡಾಕ ನಮ್ಮ ಸರಕೇ ಹಿಡಿದಿಟ್ಟೀರಿ ಅನ್ರಿ,” ಎಂದು ಹೊರಟುಹೋದಳು.

ಮರುವರ್ಷ ಯುದ್ಧ ಶುರುವಾಗಿ ಸಭೆಗಳು ನಿಂತವು. ತೀರ್ಮಾನವಿಲ್ಲ, ಹಾಗಾಗಿ ಮುದ್ರೆಯನ್ನೂ ತೆಗೆಯುವಂತಿಲ್ಲ. ನಾನು ಮಾಡಿದ ಪ್ರತಿ ವಿನಂತಿಗೂ ‘ವಿಷಯ ಪರಿಶೀಲನೆಯಲ್ಲಿದೆ’ ಎಂಬುದೇ ಉತ್ತರ. ಇನಾಸ ಭಟ್ಟಿಯ ತಾಮ್ರದ ಹಂಡೆ ಮಾರಿ, ದಾಂಡೇಲಿಯಲ್ಲಿ ಮರ ಕೊಯ್ಯುವ ಕೆಲಸಕ್ಕೆ ಸೇರಿದ.

ಯುದ್ಧ ಮುಗಿದ ಮೇಲೆ ಬಿಡುಗಡೆಯ ಆದೇಶ ಬಂತು. ರೋಜಾಲಿನ್ ಎದುರಿಗೇ ಅರಗು ಒಡೆದೆ. ಹಲಗೆಗಳು ಬಿರುಕು ಬಿಟ್ಟು ಪೀಪಾಯಿಗಳು ಬರಿದಾಗಿದ್ದವು. ಆಕೆ ಒಂದನ್ನು ಕಾಲಿನಿಂದ ಉರುಳಿಸಿ, “ಒಲೀಗೆ ಹಾಕಾಕ ಅಡ್ಡಿ ಇಲ್ಲಲ್ರಿ?” ಎಂದಳು. ಅದಕ್ಕೂ ಮೇಲಿನವರನ್ನು ಕೇಳಬೇಕಿತ್ತು. ನಾನು ಕೇಳಲಿಲ್ಲ. “ಹಾಕ್ರಿ,” ಎಂದೆ.

ಮುಂದೆ ನಾನೇ ಅಧಿಕಾರಿಯಾದಾಗ, ಯಾವ ಮಾತುಕತೆಗೆ ಕರೆದರೂ ಯಾರ ಸರಕು ತಡೆದಿಟ್ಟಿದ್ದೀರಿ ಎಂದು ಮೊದಲು ಕೇಳುತ್ತಿದ್ದೆ. ಅದನ್ನು ಬಿಡಿಸಿದ ಮೇಲೆಯೇ ಕುರ್ಚಿ ಎಳೆದುಕೊಳ್ಳುತ್ತಿದ್ದೆ.