ಅಣ್ಣನ ಬೆರಳು, ನನ್ನ ಬೀಗ

ಹೊಸ ಅಪ್‌ಡೇಟ್ ಜೊತೆಗೆ ಬರುವ ಟಿಪ್ಪಣಿಯನ್ನು ಸಾಮಾನ್ಯವಾಗಿ ಯಾರೂ ಓದುವುದಿಲ್ಲ. ನಾನು ಓದುತ್ತೇನೆ. ಆ ಸಲವೂ ಓದಿದ್ದೆ. ನನ್ನ ಪಾಸ್‌ವರ್ಡ್‌ಗಳನ್ನೆಲ್ಲ ಇಟ್ಟುಕೊಂಡಿದ್ದ ಆ್ಯಪಿನವರು ಬರೆದಿದ್ದರು: ವೇಗ ಹೆಚ್ಚಿಸಿದ್ದೇವೆ, ಯಾವ ಪಾಸ್‌ವರ್ಡ್ ಕೊನೆಯ ಸಲ ಯಾವಾಗ ಬಳಕೆಯಾಯಿತು ಎಂಬುದನ್ನು ಇನ್ನು ಮುಂದೆ ನೋಡಬಹುದು, ನಿಮ್ಮ ಅನುಕೂಲಕ್ಕಾಗಿ ಇನ್ನೂ ಕೆಲವು ಸುಧಾರಣೆಗಳನ್ನು ಮಾಡಿದ್ದೇವೆ.

ಆ ಸುಧಾರಣೆ ಯಾವುದೆಂದು ನನಗೆ ಗೊತ್ತಾದದ್ದು ಆಮೇಲೆ. ಅದುವರೆಗೆ ನಾನು ತಲೆಯಲ್ಲಿ ಮಾತ್ರ ಇಟ್ಟುಕೊಂಡಿದ್ದ ಉದ್ದನೆಯ ಪಾಸ್‌ವರ್ಡಿಗಷ್ಟೇ ತೆರೆಯುತ್ತಿದ್ದ ಆ್ಯಪು, ಆ ದಿನದಿಂದ, ಫೋನು ಯಾರ ಬೆರಳಿಗೆ ತೆರೆಯುತ್ತದೋ ಅವರ ಬೆರಳಿಗೆ ತಾನೂ ತೆರೆಯತೊಡಗಿತು. ನನ್ನನ್ನು ಕೇಳಲಿಲ್ಲ. ಅಪ್‌ಡೇಟ್ ಆದ ಮೇಲೆ ಒಮ್ಮೆ ಪಾಸ್‌ವರ್ಡ್ ಹೊಡೆದೆ, ಎಂದಿನಂತೆ ತೆರೆಯಿತು, ಮುಚ್ಚಿಟ್ಟೆ. ಒಳಗೆ ಯಾವ ಗುಂಡಿ ತಾನಾಗಿ ಆನ್ ಆಯಿತೆಂದು ಹುಡುಕಿ ನೋಡುವುದು ನನಗೆ ಹೊಳೆಯಲಿಲ್ಲ.

ಅದನ್ನು ಮಾಡಿದವರು ಎಲ್ಲಿ ಕೂತಿದ್ದಾರೋ ಗೊತ್ತಿಲ್ಲ. ಒಂದು ಫೋನು, ಒಂದು ಬೆರಳು, ಒಬ್ಬ ಮನುಷ್ಯ ಎಂದು ಅವರು ತಿಳಿದಿದ್ದಾರೆ. ನಮ್ಮ ಕಡೆ ಹಾಗಿಲ್ಲ.

ನನಗೆ ಫೋನು ಕೊಂಡದ್ದು ಆಳಂದದ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ. ಆಗ ನಾನು ಎಂ.ಎಸ್ಸಿ. ಓದುತ್ತಿದ್ದೆ. ಅಂಗಡಿಯವನು ಡಬ್ಬಿ ಬಿಚ್ಚಿದವನೇ ಫೋನನ್ನು ನನ್ನ ಕೈಗೆ ಕೊಡದೆ ಅಣ್ಣನ ಮುಂದೆ ಹಿಡಿದ. “ಅಣ್ಣಾರ ಬೆರಳು ಮೊದಲು ಇಡ್ರಿ,” ಎಂದ. ಅದರಲ್ಲಿ ಅವನಿಗಾಗಲಿ ಅಣ್ಣನಿಗಾಗಲಿ ವಿಶೇಷವೇನೂ ಕಾಣಲಿಲ್ಲ. ಹೆಣ್ಣುಮಕ್ಕಳಿಗೆ ಫೋನು ಕೊಂಡರೆ ಮನೆಯ ಒಬ್ಬ ಗಂಡಸಿನ ಬೆರಳು ಅದರಲ್ಲಿ ಇರಬೇಕು. ಮದುವೆಯಾಗಿದ್ದರೆ ಗಂಡನದು, ಇಲ್ಲದಿದ್ದರೆ ಅಣ್ಣನದೋ ಅಪ್ಪನದೋ. ನನ್ನ ಜೊತೆ ಓದಿದ ಹುಡುಗಿಯರಲ್ಲಿ ಎಷ್ಟೋ ಜನರ ಫೋನು ಹೀಗೇ ಇತ್ತು. ಅಣ್ಣ ಹೆಬ್ಬೆರಳು ಇಟ್ಟ, ಎತ್ತಿದ, ಮತ್ತೆ ಇಟ್ಟ. ಆಮೇಲೆ ನನ್ನ ಸರದಿ ಬಂತು.

ಅವನ ಬೆರಳನ್ನು ಅಳಿಸಿ ಹಾಕುವುದು ಕಷ್ಟದ ಕೆಲಸವಾಗಿರಲಿಲ್ಲ. ಆದರೆ ಮಾರನೆಯ ದಿನವೇ ಅವನು ಫೋನಿನ ಮೇಲೆ ಬೆರಳಿಟ್ಟು, ಅದು ತೆರೆಯದೆ, ಮುಚ್ಚಿಡುವಂಥದ್ದು ಏನಿದೆ ಎಂದು ಮನೆಯವರೆಲ್ಲರ ಮುಂದೆ ಕೇಳುತ್ತಿದ್ದ. ಏನಿದೆ ಎಂದರೆ ಏನೂ ಇರಲಿಲ್ಲ. ಏನೂ ಇಲ್ಲದಿದ್ದರೂ ಮುಚ್ಚಿಡಬಹುದು ಎಂದು ಸರಸಂಬಾದ ನಮ್ಮ ಮನೆಯಲ್ಲಿ ಹೇಳುವಂತಿರಲಿಲ್ಲ. ಅಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಬಾಗಿಲೆಂದರೆ ಬಚ್ಚಲಿನದು ಒಂದೇ. ಅದಕ್ಕೇ ನಾನು ಆ ಪಾಸ್‌ವರ್ಡ್ ಆ್ಯಪನ್ನು ಹಾಕಿಕೊಂಡದ್ದು. ಹೊರಬಾಗಿಲು ಅವನಿಗೂ ತೆರೆಯಲಿ, ಒಳಗೊಂದು ಬಾಗಿಲು ನನಗೆ ಮಾತ್ರ ಇರಲಿ ಎಂದು. ಮೇಲ್, ಬ್ಯಾಂಕು, ನೌಕರಿಯ ಅರ್ಜಿಗಳು ಎಲ್ಲದರ ಪಾಸ್‌ವರ್ಡ್‌ಗಳೂ ಅದರೊಳಗಿದ್ದವು. ಟಿಪ್ಪಣಿ ಬರೆದಿಡಲೂ ಅದರಲ್ಲಿ ಜಾಗವಿತ್ತು. ಅಲ್ಲಿ ನಾನು ಒಂದಿಷ್ಟು ಬರೆಯುತ್ತಿದ್ದೆ.

ಪ್ರೌಢಶಾಲೆಗೆ ವಿಜ್ಞಾನದ ಶಿಕ್ಷಕಿಯಾಗಿ ಆಯ್ಕೆಯಾದೆ. ಜಾಗ ಖಾಲಿ ಇದ್ದದ್ದು ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ. ಯಾವುದು ಮೊದಲು ಬೇಕು, ಯಾವುದು ಆಮೇಲೆ ಎಂದು ಆನ್‌ಲೈನಿನಲ್ಲಿ ನಾವೇ ಬರೆಯಬೇಕಿತ್ತು. ಕೊನೆಯ ದಿನದವರೆಗೆ ಅದನ್ನು ಬದಲಿಸಲೂ ಬರುತ್ತಿತ್ತು. ನಾನು ಜೇವರ್ಗಿ ಮೊದಲು ಬರೆದೆ, ನಂತರ ಅಫಜಲಪುರ, ಕೊನೆಗೆ ಆಳಂದ. ಜೇವರ್ಗಿಯಿಂದ ದಿನಾ ಮನೆಗೆ ಬಂದು ಹೋಗಲಾಗದು. ಅಲ್ಲೇ ಕೋಣೆ ಮಾಡಿಕೊಂಡು ಇರಬೇಕು. ನನಗೆ ಬೇಕಾಗಿದ್ದದ್ದೇ ಅದು. ಮನೆಯಲ್ಲಿ ಕಾರಣ ಹೇಳಲಿಲ್ಲ. ಶಾಲೆ ಚೆನ್ನಾಗಿದೆಯಂತೆ ಎಂದಷ್ಟೇ ಹೇಳಿದೆ. ಅಪ್ಪ ಹ್ಞೂಂ ಎಂದರು. ಅಣ್ಣ ಗಾಡಿಯ ಕೀಲಿ ತೆಗೆದುಕೊಂಡು ಹೊರಗೆ ಹೋದ.

ಅಪ್‌ಡೇಟ್ ಆದ ದಿನ ಎದುರು ಮನೆಯ ಸೊಸೆಯ ಕುಬಸವಿತ್ತು. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಉಡಿ ತುಂಬುವ ಕಾರ್ಯ. ಅವ್ವ, ಅಣ್ಣನ ಹೆಂಡತಿ ವೈನಿ, ನಾನು ಮೂವರೂ ಹೋದೆವು. ಚಾರ್ಜ್ ಕಡಿಮೆ ಇತ್ತೆಂದು ಫೋನನ್ನು ಟಿ.ವಿ. ಪಕ್ಕ ಹಚ್ಚಿಟ್ಟು ಹೋಗಿದ್ದೆ. ಹಾಡು, ಊಟ, ಎಲೆ ಅಡಿಕೆ ಮುಗಿದು ಬಂದಾಗ ಅದು ಇಟ್ಟಲ್ಲೇ ಇತ್ತು. ಚಾರ್ಜ್ ತುಂಬಿತ್ತು.

ಕೆಲವು ದಿನಗಳ ನಂತರ ಪಟ್ಟಿ ಬಂತು. ನಿಮ್ಮ ಮೊದಲ ಆದ್ಯತೆಯಂತೆ ನಿಮಗೆ ಆಳಂದ ತಾಲೂಕು ದೊರೆತಿದೆ ಎಂದಿತ್ತು. ತಪ್ಪಿ ಬಂದಿರಬೇಕೆಂದು ಇನ್ನೊಮ್ಮೆ ಓದಿದೆ. ಆಮೇಲೆ ಅರ್ಜಿ ತೆರೆಯೋಣವೆಂದು ಪಾಸ್‌ವರ್ಡ್ ಆ್ಯಪನ್ನು ಮುಟ್ಟಿದೆ. ಅದು ಪಾಸ್‌ವರ್ಡ್ ಕೇಳಲಿಲ್ಲ. ಬೆರಳಿನ ಚಿತ್ರ ತೋರಿಸಿತು.

ಆ ಚಿತ್ರ ಕಂಡ ಕೂಡಲೇ ನನಗೆ ಎಲ್ಲ ತಿಳಿಯಿತು. ಒಳಗೆ ಹೋಗಿ ನೋಡಿದೆ. ಅವರ ಹೊಸ ಸೌಲಭ್ಯ ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿತ್ತು: ನೌಕರಿ ಅರ್ಜಿಯ ಪಾಸ್‌ವರ್ಡ್ ಕೊನೆಯದಾಗಿ ಬಳಕೆಯಾದದ್ದು ಕುಬಸದ ದಿನ ಮಧ್ಯಾಹ್ನ. ನಾನು ಎದುರು ಮನೆಯಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ಹೊತ್ತು. ಆ್ಯಪೇ ಪಾಸ್‌ವರ್ಡ್ ತುಂಬಿಕೊಟ್ಟಿದೆ, ಓಟಿಪಿ ಅದೇ ಫೋನಿಗೆ ಬಂದಿದೆ. ಅರ್ಜಿಯಲ್ಲಿ ಮೂರು ಊರು ತಲೆಕೆಳಗಾಗಿದ್ದವು. ಆಳಂದ, ಅಫಜಲಪುರ, ಜೇವರ್ಗಿ.

ಅಣ್ಣ ಆಳಂದದಲ್ಲಿ ತೊಗರಿ ವ್ಯಾಪಾರ ಮಾಡುತ್ತಾನೆ. ಸಂಜೆ ಅವನು ಅಂಗಡಿಯಿಂದ ಬಂದು ಊಟಕ್ಕೆ ಕೂತಾಗ ಕೇಳಿದೆ. ಅವನು ಇಲ್ಲ ಎನ್ನಲಿಲ್ಲ. ರೊಟ್ಟಿ ಮುರಿಯುತ್ತ, ಆಳಂದವಾದರೆ ಮುಂಜಾನೆ ತಾನೇ ಗಾಡಿಯ ಮೇಲೆ ಬಿಡುತ್ತೇನೆ, ಸಂಜೆ ಕರೆದುಕೊಂಡು ಬರುತ್ತೇನೆ, ಇದರಲ್ಲಿ ನಿನಗೇನು ತ್ರಾಸು ಎಂದ. ನನ್ನ ಫೋನಿನೊಳಗೆ ಯಾಕೆ ಹೋದೆ ಎಂದೆ. ಅವ್ವ ಒಲೆಯ ಮುಂದಿನಿಂದಲೇ, ಹೆರವರ ಬೆರಳೇನಲ್ಲವಲ್ಲ ಎಂದರು. ಅಪ್ಪ ನೀರು ಕುಡಿದು, “ಆಳಂದ ಛಲೋನೇ ಅದಲ್ಲ ಬೇ,” ಎಂದರು.

ಅಷ್ಟಕ್ಕೆ ಮುಗಿದಿದ್ದರೆ ನಾನು ಬಹುಶಃ ಅಳುತ್ತ ಸುಮ್ಮನಾಗುತ್ತಿದ್ದೆ. ಅಣ್ಣ ಸುಮ್ಮನಾಗಲಿಲ್ಲ. ವೈನಿಯ ಕಡೆ ನೋಡಿ ನಕ್ಕ.

“ಮನ್ಯಾಗ ಎಲ್ಲಾರೂ ಕೂಡೇ ಇರ್ತೀವಿ. ಇಕಿಗಿ ಚಿಲಕ ಬೇಕಂತ, ಚಿಲಕ.”

ಚಿಲಕವಿರುವ ಒಂದು ಕೋಣೆ ಬೇಕು ಎಂದು ನಾನು ಯಾರಿಗೂ ಹೇಳಿರಲಿಲ್ಲ. ಆ ಆ್ಯಪಿನ ಟಿಪ್ಪಣಿಯಲ್ಲಿ ಮಾತ್ರ ಬರೆದಿದ್ದೆ. ಊರು ಬದಲಿಸಲು ಟಿಪ್ಪಣಿ ಓದಬೇಕಾಗಿರಲಿಲ್ಲ. ಅವನು ಓದಿದ್ದ. ಅದರಲ್ಲಿ ಇನ್ನೂ ಏನೇನು ಬರೆದಿದ್ದೆನೆಂದು ಅಲ್ಲಿ ನಿಂತಲ್ಲೇ ನೆನಪಿಸಿಕೊಳ್ಳತೊಡಗಿದೆ. ಪ್ರತಿಯೊಂದು ಸಾಲು ನೆನಪಾದಾಗಲೂ ಅವನು ಅದನ್ನು ಓದುತ್ತಿರುವಂತೆ ಕಂಡಿತು. ಇವತ್ತಿಗೂ ನನಗೆ ಸಿಟ್ಟು ಬರುವುದು ಜೇವರ್ಗಿಗಿಂತ ಹೆಚ್ಚಾಗಿ ಅದಕ್ಕೆ.

ಎಲ್ಲರ ಮುಂದೆ ಫೋನು ತೆಗೆದು ಅವನ ಬೆರಳನ್ನು ಅಳಿಸಿದೆ. ಪಾಸ್‌ವರ್ಡ್ ಆ್ಯಪು ಬೆರಳಿಗೆ ತೆರೆಯುವುದನ್ನೂ ನಿಲ್ಲಿಸಿದೆ. ಆಮೇಲೆ ಅಪ್ಪನಿಗೆ ಹೇಳಿದೆ: “ಆಳಂದ ಆದ್ರ ನಾ ನೌಕರಿಗೇ ಹೋಗಂಗಿಲ್ಲ.”

ಅಪ್ಪ ನನ್ನ ಕಡೆ ತಿರುಗಿ ಕೂತರು. ನಾನು ಹೇಳಿದ್ದನ್ನು ಮಾಡುತ್ತೇನೆಂದು ಅವರಿಗೆ ಗೊತ್ತು. ಸರಕಾರಿ ನೌಕರಿಯನ್ನು ಕೈಯಾರೆ ಬಿಟ್ಟಳೆಂದರೆ ಊರಲ್ಲಿ ಏನು ಹೇಳುವುದು? ತಿದ್ದುಪಡಿಗೆ ಅವಕಾಶ ಇನ್ನೂ ಇತ್ತು. ಕಲಬುರಗಿಯ ಕಚೇರಿಗೆ ಹೋಗಿ ಬರೆದು ಕೊಡಬೇಕಿತ್ತು. ಹೋಗು ಎಂದರು. ಆದರೆ ಒಬ್ಬಳೇ ಅಲ್ಲ, ಅಣ್ಣನನ್ನು ಕರೆದುಕೊಂಡು ಹೋಗು ಎಂದರು.

ಹೀಗೆ, ಮಾಡಿದವನನ್ನೇ ಕಾವಲಿಗೆ ಕಟ್ಟಿಕೊಂಡು ನಾನು ಕಲಬುರಗಿಗೆ ಹೋದೆ. ಬಸ್ಸಿನಲ್ಲಿ ಅವನು ನನ್ನ ಚೀಟಿಯನ್ನೂ ತೆಗೆಸಿದ, ಕಿಟಕಿ ಬದಿಯ ಸೀಟು ಕೊಟ್ಟ, ಶೇಂಗಾ ಕೊಂಡು ಕೊಟ್ಟ. ನಾನು ತಿನ್ನಲಿಲ್ಲ.

ಕಚೇರಿಯಲ್ಲಿ ಸಾಲು ಉದ್ದವಿತ್ತು. ನಮ್ಮ ಸರದಿ ಬಂದಾಗ ನಾನು ಮುಂದೆ ನಿಂತಿದ್ದರೂ ಗುಮಾಸ್ತರು ನನ್ನ ಹಿಂದಿದ್ದ ಅಣ್ಣನನ್ನು ನೋಡಿ ಏನಾಗಿದೆ ಎಂದು ಕೇಳಿದರು.

“ತಂಗಿ ಕೈತಪ್ಪಿ ಒತ್ಯಾಳ್ರಿ,” ಎಂದ ಅಣ್ಣ. “ಫಾರಮ್ ಮ್ಯಾಲ ಕೆಳಗ ಆಗ್ಯದ.”

ಗುಮಾಸ್ತರು ಒಂದು ಹಾಳೆಯನ್ನು ನನ್ನ ಕಡೆ ತಳ್ಳಿದರು. ನನ್ನ ಕಣ್ತಪ್ಪಿನಿಂದ ಹೀಗಾಗಿದೆ, ದಯವಿಟ್ಟು ಸರಿಪಡಿಸಿ ಎಂದು ಬರೆಯಿರಿ, ಇವತ್ತೇ ಆಗುತ್ತದೆ ಎಂದರು. ಅವರು ಕೆಟ್ಟವರಲ್ಲ. ದಿನಾ ಅದೇ ಸಾಲು ಬರೆಸಿ ಬರೆಸಿ ಅವರಿಗೆ ಅದು ಬಾಯಿಪಾಠವಾಗಿತ್ತು. ಪೆನ್ನು ಹಿಡಿದೆ. ನಾಲ್ಕು ಶಬ್ದ ಬರೆದರೆ ಜೇವರ್ಗಿ ನನ್ನದು. ಬರೆಯಲು ಕೈ ಬರಲಿಲ್ಲ. ನಾನು ಓದುವಾಗ ಲ್ಯಾಬಿನಲ್ಲಿ ಒಂದು ಅಂಕಿಯನ್ನೂ ಸುಳ್ಳಾಗಿ ಬರೆದವಳಲ್ಲ. ಇಷ್ಟು ಕಳೆದುಕೊಂಡ ಮೇಲೆ ತಪ್ಪನ್ನೂ ನನ್ನ ಹೆಸರಿಗೇ ಬರೆದುಕೊಳ್ಳಬೇಕೆ?

“ನಂದು ತಪ್ಪಿಲ್ರಿ,” ಎಂದೆ. “ನಾ ಬರ್ದಿದ್ದು ಜೇವರ್ಗಿನೇ. ನಾ ಮನ್ಯಾಗ ಇಲ್ಲದಾಗ ನನ್ನ ಫೋನ್ ತೆರೆದು ಇವರು ಬದಲು ಮಾಡ್ಯಾರ.”

ಗುಮಾಸ್ತರು ಪೆನ್ನು ಕೆಳಗಿಟ್ಟರು. ಖರೇ ಏನು ಎಂದು ಅಣ್ಣನನ್ನು ಕೇಳಿದರು. ಅಣ್ಣನ ಮುಖ ಕೆಂಪಾಗಿತ್ತು. ಮನೆಯವರೆಲ್ಲ ವಿಚಾರ ಮಾಡಿ ಮಾಡಿದ್ದು ಎಂದ.

“ಆ ಮನೆಯವರಾಗ ನಾ ಇದ್ದಿಲ್ರಿ,” ಎಂದೆ.

ಗುಮಾಸ್ತರು ನಿಟ್ಟುಸಿರು ಬಿಟ್ಟರು. ಹಾಗಾದರೆ ಎರಡೇ ದಾರಿ ಎಂದರು: ಬೇರೆಯವರು ಬದಲಿಸಿದ್ದರೆ ಅವರೇ ಬರೆದು ಸಹಿ ಮಾಡಬೇಕು, ಇಲ್ಲವೇ ನಾನು ಪೊಲೀಸರಿಗೆ ದೂರು ಕೊಟ್ಟು ಅದರ ಪ್ರತಿ ತರಬೇಕು. ಮನೆಯ ಮಾತು ಮನೆಯಲ್ಲೇ ಇರಲಿ, ಕಣ್ತಪ್ಪು ಎಂದು ಬರೆದುಬಿಡಮ್ಮ ಎಂದು ಮೆಲ್ಲಗೆ ಇನ್ನೊಮ್ಮೆ ಹೇಳಿದರು. ನಾನು ಹಾಳೆಯನ್ನು ಅಣ್ಣನ ಮುಂದೆ ಸರಿಸಿದೆ. ಅವನು ಅದನ್ನು ಮುಟ್ಟಲಿಲ್ಲ. ಹಿಂದಿನಿಂದ ಒಬ್ಬ ಹೆಂಗಸು, “ಲಗೂನ ಬರಕೊಡ್ರಿ ಅಣ್ಣಾರ, ಅಫಜಲಪುರ ಬಸ್ ತಪ್ತದ ನಮ್ದು,” ಎಂದಳು. ಸಾಲಿನಲ್ಲಿ ಯಾರೋ ನಕ್ಕರು.

ಆ ನಗೆ ಇಲ್ಲದಿದ್ದರೆ ಅವನು ಬರೆಯುತ್ತಿರಲಿಲ್ಲ. ನನ್ನ ಮಾತಿಗಲ್ಲ, ಗೊತ್ತಿಲ್ಲದ ನಾಲ್ಕು ಜನರ ನಗೆಗೆ ನಾಚಿ ಅವನು ಪೆನ್ನು ಹಿಡಿದ. ಗುಮಾಸ್ತರು ಹೇಳಿದಂತೆ, ಅಭ್ಯರ್ಥಿಯ ಒಪ್ಪಿಗೆಯಿಲ್ಲದೆ ಬದಲಿಸಿದ್ದೇನೆ ಎಂದು ಬರೆದು ಸಹಿ ಮಾಡಿದ. ವಾಪಸು ಬರುವಾಗ ಅವನು ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತ.

ಈ ನಡುವೆ ನಾನು ಆ್ಯಪಿನವರಿಗೂ ಬರೆದಿದ್ದೆ. ಕೇಳದೆ ಬೆರಳಿನ ಬಾಗಿಲು ಯಾಕೆ ತೆರೆದಿರಿ, ಫೋನಿನಲ್ಲಿ ಒಂದಕ್ಕಿಂತ ಹೆಚ್ಚು ಬೆರಳಿದ್ದರೆ ಒಂದು ಮಾತು ಎಚ್ಚರಿಸಬಾರದಿತ್ತೇ ಎಂದು. ಸಲಹೆಗೆ ಧನ್ಯವಾದ, ನೀವು ನಂಬುವವರ ಬೆರಳಚ್ಚನ್ನು ಮಾತ್ರ ಫೋನಿನಲ್ಲಿ ಇಟ್ಟುಕೊಳ್ಳಿ ಎಂದು ಉತ್ತರ ಬಂತು. ಇಟ್ಟುಕೊಳ್ಳಿ, ಅಂತೆ! ನಾನು ಇಟ್ಟುಕೊಂಡಿದ್ದೆನೇ? ನನ್ನ ಟಿಪ್ಪಣಿಗಳನ್ನೆಲ್ಲ ಅಳಿಸಿ, ಆ ಆ್ಯಪನ್ನು ತೆಗೆದುಹಾಕಿದೆ. ಅದಾದ ಮೇಲೆ ನಾನು ಏನನ್ನೂ ಬರೆದಿಟ್ಟಿರಲಿಲ್ಲ, ಇದನ್ನು ಬರೆಯುವವರೆಗೆ.

ಜೇವರ್ಗಿ ಸಿಕ್ಕಿತು. ಹೊರಡುವ ದಿನ ಮನೆಯಲ್ಲಿ ಅಪ್ಪನ ತಮ್ಮ ಕಾಕಾ, ಎದುರು ಮನೆಯವರು, ಇನ್ನಿಬ್ಬರು ಮೂವರು ಚಹಾ ಕುಡಿಯುತ್ತ ಕೂತಿದ್ದರು. ಅಣ್ಣ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ: “ಆಳಂದ ಹಾಕಿದ್ರು. ತಂಗಿ ಒಲ್ಲೆ ಅಂದ್ಲು. ನಾನೇ ಕಲಬುರ್ಗಿಗಿ ಹೋಗಿ, ಸಾಹೇಬ್ರ ಮುಂದ ನಿಂತು, ಜೇವರ್ಗಿ ಮಾಡಿಸ್ಕೊಂಡ್ ಬಂದೇನಿ.”

ಕಾಕಾ ತಲೆದೂಗಿದರು. ಇಂಥ ಅಣ್ಣ ಸಿಗಲು ಪುಣ್ಯ ಮಾಡಿರಬೇಕು, ಅವನ ಕಾಲಿಗೆ ಬಿದ್ದು ಹೊರಡು ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ಅಣ್ಣನೂ ನೋಡಿದ. ಅವನ ಮುಖದಲ್ಲಿ ಸುಳ್ಳು ಹೇಳುವವನ ಅಂಜಿಕೆ ಇರಲಿಲ್ಲ. ಆ ಕತೆಯನ್ನು ಅವನೂ ನಂಬಿದ್ದ.

ನಾನು ಅಪ್ಪನ ಕಾಲಿಗೆ, ಅವ್ವನ ಕಾಲಿಗೆ, ಕಾಕಾನ ಕಾಲಿಗೆ ನಮಸ್ಕಾರ ಮಾಡಿದೆ. ಎದ್ದು ನಿಂತೆ.

“ಜೇವರ್ಗಿ ನಾನೇ ಬರ್ದಿದ್ದೆ, ಕಾಕಾ. ಆಳಂದ ಮಾಡಿದ್ದು ಅಣ್ಣ. ಕಲಬುರ್ಗ್ಯಾಗ ಹಂಗಂತ ಬರೆದು ಸಹಿನೂ ಮಾಡ್ಯಾನ.”

ವೈನಿ ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದರು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡರು. ಅದು ನಾನು ಹೊರಟಿದ್ದಕ್ಕೋ ಆಡಿದ ಮಾತಿಗೋ ನಾನು ಕೇಳಲಿಲ್ಲ. ಅಣ್ಣ ಗಾಡಿಯ ಕೀಲಿಯನ್ನು ಕಿಸೆಗೆ ಹಾಕಿಕೊಂಡ. ಬಸ್ಸಿನವರೆಗೆ ಬಿಡಲು ಯಾರೂ ಬರಲಿಲ್ಲ. ಪುಸ್ತಕ ತುಂಬಿದ ಬ್ಯಾಗು ಭಾರವಿತ್ತು. ದಾರಿಯಲ್ಲಿ ಒಂದೆರಡು ಕಡೆ ಕೆಳಗಿಟ್ಟು, ಕೈ ಬದಲಿಸಿ, ಮತ್ತೆ ಎತ್ತಿಕೊಂಡು ನಡೆದೆ.